ಹೊಂಬಣ್ಣಕ್ಕೂ ಒಂದು ಲೆಕ್ಕವಿರಲಿ

ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯದ ಮಹಾಗೋಪುರದ ಮೇಲೆ ಏಳು ಕಲಶಗಳಿವೆ. ಅವು ಅಪ್ಪಟ ಚಿನ್ನದವಲ್ಲ, ಚಿನ್ನದ ಲೇಪನವುಳ್ಳವು. ಈ ಸಂಗತಿಯನ್ನು ಯಾರೂ ಮುಚ್ಚಿಟ್ಟಿಲ್ಲವಾದ್ದರಿಂದ ಯಾರೂ ಅದನ್ನು ಮೋಸವೆಂದು ಭಾವಿಸುವುದಿಲ್ಲ. ಮೈಸೂರು ಸಾಂಪ್ರದಾಯಿಕ ಚಿತ್ರಗಳಲ್ಲಿ ದೇವತೆಗಳ ಆಭರಣಗಳು ಹೊಳೆಯುವುದೂ ತೆಳುವಾದ ಚಿನ್ನದ ರೇಕಿನಿಂದಲೇ. ಲೇಪನದ ಕಲೆ ನಮಗೆ ಹೊಸತಲ್ಲ. ಅದರ ವ್ಯಾಪಾರ ಇಂದು ನಡೆಯುತ್ತಿರುವ ರೀತಿ ಮಾತ್ರ ಹೊಸತು.

ದೇವನೂರಿನಂಥ ಊರುಗಳಿಂದ ಮದುವೆಯ ಖರೀದಿಗೆಂದು ನಂಜನಗೂಡಿಗೋ ತಿ. ನರಸೀಪುರಕ್ಕೋ ಮೈಸೂರಿಗೋ ಬರುವ ಕುಟುಂಬಗಳು ಈಗ ಎರಡು ಬಗೆಯ ಅಂಗಡಿಗಳ ಮೆಟ್ಟಿಲು ಹತ್ತುತ್ತವೆ. ತಾಳಿ, ಓಲೆಗಳಿಗೆ ಚಿನ್ನದಂಗಡಿ. ಹಾರ, ಬಳೆ, ಸೊಂಟಪಟ್ಟಿಗಳಿಗೆ 'ಒಂದು ಗ್ರಾಂ ಚಿನ್ನ'ದ ಅಂಗಡಿ. 2025ರಲ್ಲಿ ಹತ್ತು ಗ್ರಾಂ ಶುದ್ಧ ಚಿನ್ನದ ಬೆಲೆ ಒಂದು ಲಕ್ಷ ರೂಪಾಯಿ ದಾಟಿದ ಮೇಲೆ ಈ ವಿಭಜನೆ ಮಧ್ಯಮ ವರ್ಗಕ್ಕೆ ಅನಿವಾರ್ಯವೇ ಆಗಿದೆ. ಇದರೊಡನೆ ವಧೂವರರ ಹೆಸರು ಕೊರೆದ ಉಂಗುರ, ಮಗುವಿನ ಹೆಸರಿನ ಪದಕ ಮೊದಲಾದ ಲೇಪಿತ ಒಡವೆಗಳು ಉಡುಗೊರೆಯ ಸ್ಥಾನ ಪಡೆದಿವೆ. ಇದನ್ನು ಆಡಂಬರವೆಂದು ಹಳಿಯುವವರ ಗುಂಪಿಗೆ ನಾನು ಸೇರಿದವನಲ್ಲ. ಸಾಲ ಮಾಡಿ ಚಿನ್ನ ಕೊಳ್ಳುವುದಕ್ಕಿಂತ ಇದು ವಿವೇಕದ ದಾರಿ. ನನ್ನ ಆಕ್ಷೇಪವಿರುವುದು ಹೆಸರಿನ ಬಗ್ಗೆ.

'ಒಂದು ಗ್ರಾಂ ಚಿನ್ನ' ಎಂಬ ಮಾತನ್ನು ಸ್ವಲ್ಪ ಗಣಿತಕ್ಕೆ ಒಡ್ಡೋಣ. ಲೇಪನದ ದಪ್ಪವನ್ನು ಅಳೆಯುವ ಮಾನ ಮೈಕ್ರಾನ್, ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಚಿನ್ನದ ಸಾಂದ್ರತೆಯನ್ನು ಗಮನಿಸಿದರೆ, ಅರ್ಧ ಮೈಕ್ರಾನ್ ದಪ್ಪದ ಲೇಪನಕ್ಕೆ ಒಂದು ಚದರ ಸೆಂಟಿಮೀಟರಿಗೆ ಸುಮಾರು ಒಂದು ಮಿಲಿಗ್ರಾಂ ಚಿನ್ನ ಸಾಕು. ಈ ದಪ್ಪದಲ್ಲಿ ಒಂದು ಗ್ರಾಂ ಚಿನ್ನವು ಈ ಪತ್ರಿಕೆಯ ಅರ್ಧ ಪುಟವನ್ನೇ ಮುಚ್ಚಬಲ್ಲದು! ಐವತ್ತು ಚದರ ಸೆಂಟಿಮೀಟರ್ ಮೇಲ್ಮೈಯ ಸರವೊಂದರಲ್ಲಿ ಇರುವುದು ಒಂದು ಗ್ರಾಮಿನ ಇಪ್ಪತ್ತನೆಯ ಒಂದು ಭಾಗ ಮಾತ್ರ. ಲೇಪನ ಇನ್ನೂ ತೆಳುವಾದರೆ ಅಷ್ಟೂ ಇರದು. ಆದರೂ ಅದು 'ಒಂದು ಗ್ರಾಂ' ಎಂದೇ ಮಾರಾಟವಾಗುತ್ತದೆ.

ಅಪ್ಪಟ ಚಿನ್ನದ ವಿಷಯದಲ್ಲಿ ಗ್ರಾಹಕನಿಗೆ ರಕ್ಷಣೆಯಿದೆ. 2021ರ ಜೂನ್ 16ರಿಂದ ಹಂತಹಂತವಾಗಿ ಹಾಲ್‌ಮಾರ್ಕ್ ಕಡ್ಡಾಯವಾಯಿತು. 2023ರ ಏಪ್ರಿಲ್ 1ರಿಂದ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಸಂಖ್ಯೆಯಿಲ್ಲದೆ ಹಾಲ್‌ಮಾರ್ಕ್ ಒಡವೆ ಮಾರುವಂತಿಲ್ಲ. 2025ರಲ್ಲಿ ಒಂಬತ್ತು ಕ್ಯಾರೆಟ್ ಚಿನ್ನವೂ ಈ ವ್ಯವಸ್ಥೆಗೆ ಸೇರಿತು. ಲೇಪಿತ ಒಡವೆಗೆ ಇದಾವುದೂ ಅನ್ವಯಿಸದು. ಅದರ ಮೇಲೆ '916' ಎಂದು ಕೊರೆದಿದ್ದರೆ ಅದು ಶುದ್ಧಾಂಗ ಮೋಸವೆಂದೇ ತಿಳಿಯಬೇಕು.

ಬೇರೆಡೆ ಸ್ಥಿತಿ ಹೀಗಿಲ್ಲ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನಿನ ಮಾರ್ಗಸೂಚಿಯಂತೆ, ಬೆಳ್ಳಿಯ ಮೇಲೆ ಎರಡೂವರೆ ಮೈಕ್ರಾನ್ ಚಿನ್ನವಿದ್ದರೆ ಮಾತ್ರ 'ವರ್ಮೇಲ್' ಎಂಬ ಹೆಸರು ಸಲ್ಲುತ್ತದೆ. ಲೇಪನದಡಿಯಲ್ಲಿ ಬಳಸುವ ನಿಕ್ಕಲ್ ಹಲವರ ಚರ್ಮಕ್ಕೆ ಆಗಿಬರುವುದಿಲ್ಲ. ಐರೋಪ್ಯ ಒಕ್ಕೂಟ ಆಭರಣಗಳಲ್ಲಿನ ನಿಕ್ಕಲ್‌ಗೆ 1994ರಲ್ಲೇ ಮಿತಿ ಹೇರಿತು. ನಮ್ಮಲ್ಲಿ ಕೊಳ್ಳುವವರೇ ಪ್ರಶ್ನೆ ಕೇಳಬೇಕು: ಒಳಗಿನ ಲೋಹ ಬೆಳ್ಳಿಯೇ, ಹಿತ್ತಾಳೆಯೇ, ತಾಮ್ರವೇ? ನಿಕ್ಕಲ್ ಇದೆಯೇ? ಲೇಪನ ಎಷ್ಟು ಮೈಕ್ರಾನ್? ಬಣ್ಣ ಮಾಸಿದರೆ ಮತ್ತೆ ಲೇಪಿಸಿಕೊಡುವರೇ? ಉತ್ತರಗಳು ಬಿಲ್ಲಿನಲ್ಲಿ ಬರಹರೂಪದಲ್ಲಿರಬೇಕು.

ಹೆಸರಿನ ಒಡವೆಗೆ ಈ ಎಚ್ಚರ ಇನ್ನಷ್ಟು ಅಗತ್ಯ. ಒಬ್ಬರ ಹೆಸರು ಕೊರೆದದ್ದನ್ನು ಅಂಗಡಿಯವರು ಸಾಮಾನ್ಯವಾಗಿ ಹಿಂದಕ್ಕೆ ಪಡೆಯುವುದಿಲ್ಲ. ಕನ್ನಡ ಅಕ್ಷರಗಳ ಪದಕವಾದರೆ ಒತ್ತಕ್ಷರ ಬಿಡಿಯಾಗಿ ನೇತಾಡದಂತೆ ಬೆಸುಗೆಯಾಗಿದೆಯೇ ಎಂದು ನೋಡಬೇಕು. ಅಕ್ಷರದ ಅಂಚುಗಳಲ್ಲಿಯೇ ಲೇಪನ ಮೊದಲು ಸವೆಯುವುದು. ಸದಾ ಬಟ್ಟೆಗೆ, ಮೈಗೆ ಉಜ್ಜುವ ಉಂಗುರ, ಬಳೆಗಳಿಗೆ ದಪ್ಪ ಲೇಪನ ಬೇಕು. ಅಪರೂಪಕ್ಕೆ ತೊಡುವ ಹಾರಕ್ಕೆ ತೆಳುವಾದದ್ದೂ ಸಾಕು. ಬೆವರು, ಸೋಪು, ಸುಗಂಧದ್ರವ್ಯಗಳು ಲೇಪನದ ಶತ್ರುಗಳು. ಅಪ್ಪಟ ಚಿನ್ನವನ್ನು ಅಂಟುವಾಳದ ನೊರೆಯಲ್ಲಿ ಬ್ರಷ್ ಹಾಕಿ ಉಜ್ಜುವ ನಮ್ಮ ಮನೆಗಳ ಅಭ್ಯಾಸ ಇಲ್ಲಿ ಸಲ್ಲದು. ಮೆತ್ತನೆಯ ಒಣಬಟ್ಟೆಯಿಂದ ಒರೆಸಿ, ಒಂದಕ್ಕೊಂದು ತಾಗದಂತೆ ಬೇರೆಬೇರೆ ಚೀಲದಲ್ಲಿಟ್ಟರೆ ಸಾಕು.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ನಮ್ಮ ಹೆಣ್ಣುಮಕ್ಕಳಿಗೆ ಒಡವೆ ಕೇವಲ ಅಲಂಕಾರವಲ್ಲ, ಸ್ವಂತದ್ದೆನ್ನಬಹುದಾದ ಆಸ್ತಿ. ತನ್ನ ಒಡವೆಗಳಿಗಾಗಿ ಅಲಮೇಲಮ್ಮ ಶಾಪವಿತ್ತಳೆಂಬ ತಲಕಾಡಿನ ಐತಿಹ್ಯ ಇದೇ ತಿ. ನರಸೀಪುರ ತಾಲ್ಲೂಕಿನದು. ಮಳೆ ಕೈಕೊಟ್ಟಾಗ, ಆಸ್ಪತ್ರೆ ಖರ್ಚು ಬಂದಾಗ ಅಡವಿಡಲು ಒದಗುವುದು ಚಿನ್ನವೇ ಹೊರತು ಲೇಪನವಲ್ಲ. ಮದುವೆಯಲ್ಲಿ ಮೈತುಂಬ ಹೊಳೆದ ಒಡವೆಗಳಲ್ಲಿ ಯಾವುದು ಆಸ್ತಿ, ಯಾವುದು ಅಲಂಕಾರ ಎಂಬುದು ವಧುವಿಗೆ ಗೊತ್ತಿರಬೇಕು. ಅದನ್ನು ಮರೆಮಾಚಿದರೆ ವಂಚನೆಗೊಳಗಾಗುವವಳು ಅವಳೇ.

ಸರ್ಕಾರ ಇಲ್ಲಿ ಏನು ಮಾಡಬಹುದು? 1963ರಲ್ಲಿ ಮೊರಾರ್ಜಿ ದೇಸಾಯಿಯವರು ಹಣಕಾಸು ಸಚಿವರಾಗಿದ್ದಾಗ 14 ಕ್ಯಾರೆಟ್‌ಗಿಂತ ಹೆಚ್ಚು ಶುದ್ಧತೆಯ ಒಡವೆ ತಯಾರಿಸಬಾರದೆಂಬ ನಿಯಮ ಬಂದಿತು. ಜನರ ಚಿನ್ನದ ಮೋಹ ಕರಗಲಿಲ್ಲ. ಕೆಲಸ ಕಳೆದುಕೊಂಡವರು ಅಕ್ಕಸಾಲಿಗರು. 1968ರ ಚಿನ್ನ ನಿಯಂತ್ರಣ ಕಾಯ್ದೆಯೂ 1990ರಲ್ಲಿ ರದ್ದಾಯಿತು. ಜನ ಏನನ್ನು ತೊಡಬೇಕೆಂದು ಕಾನೂನು ವಿಧಿಸಲಾರದೆಂಬುದಕ್ಕೆ ಈ ಇತಿಹಾಸವೇ ಸಾಕ್ಷಿ. ಆದರೆ ಮಾರುವವನು ನಿಜ ಹೇಳಬೇಕೆಂದು ಅದು ಖಂಡಿತ ವಿಧಿಸಬಲ್ಲದು. ಲೇಪಿತ ಒಡವೆಯ ಬಿಲ್ಲಿನಲ್ಲಿ ಒಳಲೋಹ, ಲೇಪನದ ದಪ್ಪ, ನಿಕ್ಕಲ್‌ನ ಇರವು ಈ ಮೂರನ್ನು ಕಡ್ಡಾಯವಾಗಿ ನಮೂದಿಸುವಂತೆ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಆದೇಶಿಸಬೇಕು. ಒಂದು ಗ್ರಾಂ ಚಿನ್ನ ನಿಜಕ್ಕೂ ಇಲ್ಲದ ಒಡವೆಗೆ ಆ ಹೆಸರನ್ನು ಬಳಸಲು ಅವಕಾಶವಿರಬಾರದು. ಪ್ರಾಮಾಣಿಕ ವ್ಯಾಪಾರಿಗೆ ಇದರಿಂದ ನಷ್ಟವೇನೂ ಇಲ್ಲ.