ರವಿವಾರ ರಾತ್ರಿ ಫೋನ್ ಎತ್ತುವವರು ಯಾರು?

2025ರ ಜೂನ್-ಜುಲೈನಲ್ಲಿ ಹಾಸನದ ಹೃದಯಾಘಾತದ ಸಾವುಗಳು ರಾಜ್ಯವನ್ನೇ ಗಾಬರಿಗೊಳಿಸಿದವು. ಪುನೀತ್ ರಾಜಕುಮಾರ್ ಹೃದಯ ಜ್ಯೋತಿ ಯೋಜನೆಯನ್ನು ಎಲ್ಲ ತಾಲ್ಲೂಕು ಆಸ್ಪತ್ರೆಗಳಿಗೂ ಒಯ್ಯುತ್ತೇವೆ ಎಂದಿತು ಸರ್ಕಾರ. ಇಸಿಜಿ ಇಲ್ಲಿ ತೆಗೆದರೆ ತಜ್ಞರು ದೂರದಿಂದಲೇ ನೋಡಿ ಹೇಳುತ್ತಾರೆ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಉಚಿತ. ಒಳ್ಳೆಯ ಕೆಲಸ. ನನ್ನ ತಕರಾರು ಆಮೇಲಿನದರ ಬಗ್ಗೆ.

ಹಾಗೆ ಬದುಕಿ ನವಲಗುಂದ, ಕಲಘಟಗಿಯ ಹಳ್ಳಿಗಳಿಗೆ ಮರಳಿದ ಹಲವರ ಹೃದಯ ಸೊರಗಿರುತ್ತದೆ. ನಾಲ್ಕು ಹೆಜ್ಜೆಗೆ ದಮ್ಮು, ಸಂಜೆಗೆ ಕಾಲು ಬಾವು, ಅಡ್ಡಾದರೆ ಉಸಿರು ಕಟ್ಟುತ್ತದೆ. 2013ರಲ್ಲಿ ತಿರುವನಂತಪುರದ ಆಸ್ಪತ್ರೆಗಳು ಇಂಥ 1205 ರೋಗಿಗಳನ್ನು ದಾಖಲಿಸಿಕೊಂಡು ಗಮನಿಸಿದಾಗ, ವರ್ಷದೊಳಗೆ ಹತ್ತರಲ್ಲಿ ಮೂವರು ತೀರಿಕೊಂಡಿದ್ದರು. ಅದು ಆರೋಗ್ಯದಲ್ಲಿ ನಮಗಿಂತ ಮುಂದಿರುವ ಕೇರಳ!

ಹಾಗಾದರೆ ಒಂದು ಆ್ಯಪ್ ಮಾಡೋಣ ಎನ್ನುವವರು ಸಾಲುಗಟ್ಟಿದ್ದಾರೆ. ಅಮೆರಿಕದಲ್ಲಿ 1653 ರೋಗಿಗಳ ಮೇಲೆ ನಡೆದ ಪ್ರಯೋಗವೊಂದರ ಫಲ 2010ರಲ್ಲಿ ಹೊರಬಿತ್ತು. ರೋಗಿ ದಿನವೂ ಫೋನ್ ಮಾಡಿ ಧ್ವನಿಮುದ್ರಿತ ಯಂತ್ರಕ್ಕೆ ತೂಕ, ತೊಂದರೆ ಒಪ್ಪಿಸಬೇಕಿತ್ತು. ಲಾಭ ಶೂನ್ಯ, ಬರುಬರುತ್ತಾ ಅನೇಕರು ಫೋನ್ ಮಾಡುವುದನ್ನೇ ಬಿಟ್ಟರು. 2018ರಲ್ಲಿ ಪ್ರಕಟವಾದ ಜರ್ಮನಿಯ ಪ್ರಯೋಗದಲ್ಲಿ ಮಾತ್ರ ಸಾವು ಕಡಿಮೆಯಾಯಿತು. ಅಲ್ಲೂ ಯಂತ್ರಗಳಿದ್ದವು, ಆದರೆ ಬರ್ಲಿನ್ನಿನ ಕೇಂದ್ರದಲ್ಲಿ ವೈದ್ಯರು, ದಾದಿಯರು ಹಗಲುರಾತ್ರಿ ಕೂತಿದ್ದರು.

ನಮಗೆ ಬೇಕಾದದ್ದು ಮನೆಗೊಂದು ತೂಕದ ಯಂತ್ರ, ಕೀಪ್ಯಾಡ್ ಫೋನು, ಆ ಕಡೆ ಮಾತಾಡುವ ಒಬ್ಬ ನರ್ಸ್. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ಮೈಯಲ್ಲಿ ನೀರು ತುಂಬುತ್ತಿರುವ ಸೂಚನೆ. ವೈದ್ಯರು ಮೊದಲೇ ಬರೆದುಕೊಟ್ಟ ಕ್ರಮದಂತೆ ನೀರಿನ ಗುಳಿಗೆ ಹೆಚ್ಚಿಸಲು ಆಕೆಗೆ ಅಧಿಕಾರವಿರಬೇಕು. ಬೆಣ್ಣಿಹಳ್ಳ ಉಕ್ಕಿ ರಸ್ತೆ ಮುಳುಗಿದ ದಿನ ಹುಬ್ಬಳ್ಳಿಯ ತಜ್ಞರಿದ್ದೂ ಇಲ್ಲದಂತೆಯೇ. ಇನ್ನು ಪಥ್ಯದ ಮಾತು: ‘ಉಪ್ಪು ಕಡಿಮೆ ಮಾಡಿ’ ಎಂಬ ಸಂದೇಶವನ್ನು ಆ್ಯಪ್ ಕಳಿಸೀತು. ‘ಯಜಮಾನ್ರ, ಉಪ್ಪಿನಕಾಯಿ ಬಿಟ್ಟೀರೇನ್ರಿ? ಸಂಡಗಿ?’ ಎಂದು ಕೇಳುವುದಕ್ಕೆ ಮನುಷ್ಯರೇ ಬೇಕು.

ದಯವಿಟ್ಟು ಇದನ್ನೂ ಆಶಾ ಕಾರ್ಯಕರ್ತೆಯರ ತಲೆಗೆ ಕಟ್ಟಬೇಡಿ. 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಅಹೋರಾತ್ರಿ ಕೂತು ಗೌರವಧನಕ್ಕಾಗಿ ಕೂಗಿದವರು ಅವರು. ಮೊಬೈಲಿನಲ್ಲಿ ಮಾಹಿತಿ ತುಂಬುವ ಹೊರೆಯೂ ಅವರ ಹಳೆಯ ದೂರು. ತಾಲ್ಲೂಕು ಆಸ್ಪತ್ರೆಯಲ್ಲಿ ಇದಕ್ಕೆಂದೇ ಸಂಬಳದ ಹುದ್ದೆಗಳನ್ನು ಮಂಜೂರು ಮಾಡಿ, ರಾತ್ರಿ ಪಾಳಿಯೂ ಸೇರಿ. ಪ್ರಯೋಗಕ್ಕೆ ಕುಂದಗೋಳ ಸಾಕು. ಒಂದು ವರ್ಷ ನೋಡಿ, ಆಮೇಲೆ ಅಣ್ಣಿಗೇರಿಗೆ ಬನ್ನಿ.