ಗಾಳಿಯ ಗಳಿಕೆ ಯಾರದು?

ಚಿತ್ರದುರ್ಗ, ಗದಗದ ಗುಡ್ಡಗಳ ನೆತ್ತಿಯ ಮೇಲೆ ಖಾಸಗಿ ಕಂಪನಿಗಳ ಗಾಳಿಯಂತ್ರಗಳು ತಿರುಗುತ್ತಿವೆ. ಗುಡ್ಡ ಕಡಿದು ರಸ್ತೆ ಮಾಡಿದ ಗಾಯ ಊರಿಗೆ. ವಿದ್ಯುತ್ ಮಾರಿದ ಲಾಭ ಊರಾಚೆಗೆ. ಇದನ್ನು ಅಭಿವೃದ್ಧಿಯೆಂದು ಒಪ್ಪಬೇಕೆ?

ನೀಲಗಿರಿಯ ತಪ್ಪಲಿನಲ್ಲಿರುವ ತಮಿಳುನಾಡಿನ ಓಡಂತುರೈ ಗ್ರಾಮ ಪಂಚಾಯಿತಿ ಬೇರೆ ದಾರಿ ತೋರಿಸಿದೆ. ಸ್ವಂತ ಉಳಿತಾಯಕ್ಕೆ ಬ್ಯಾಂಕ್ ಸಾಲ ಸೇರಿಸಿ, 2006ರಲ್ಲಿ ಸುಮಾರು 1.55 ಕೋಟಿ ರೂಪಾಯಿಗೆ 350 ಕಿಲೋವಾಟ್‌ನ ಗಾಳಿಯಂತ್ರವನ್ನು ಅದು ಕೊಂಡಿತು. ಯಂತ್ರ ನಿಂತದ್ದು ಬೇರೆಡೆ, ಒಡೆತನ ಪಂಚಾಯಿತಿಯದು. ನೀರಿನ ಪಂಪು, ಬೀದಿದೀಪಗಳ ಅಗತ್ಯ ಕಳೆದು ಉಳಿದ ವಿದ್ಯುತ್ತನ್ನು ರಾಜ್ಯದ ವಿದ್ಯುತ್ ಮಂಡಳಿಗೆ ಮಾರಿ ಸಾಲದ ಕಂತು ಕಟ್ಟಿತು.

ಗುಡ್ಡದ ನೆಲ ಬಿಟ್ಟುಕೊಟ್ಟು ಕಾವಲುಗಾರನ ಕೆಲಸಕ್ಕೆ ಕೈಯೊಡ್ಡುವುದು ಸ್ವಾವಲಂಬನೆಯಲ್ಲ. ಒಪ್ಪಿಗೆಗೆ ಸಹಿ ಹಾಕುವ ಮುನ್ನ ಗ್ರಾಮಸಭೆಗಳು ಕೇಳಲೇಬೇಕಾದ ಪ್ರಶ್ನೆ ಒಂದೇ: ಯಂತ್ರದ ಒಡೆಯರು ಯಾರು?