ಹಾಲಿನ ಕ್ಯಾನ್ ಯಾವ ನೀರಿನಲ್ಲಿ ತೊಳೆಯುತ್ತೀರಿ?



ಕುಡಿಯಲು ಶುದ್ಧ ನೀರಿನ ಘಟಕದಿಂದ ನೀರು ತರುತ್ತೀರಿ. ಹಾಲಿನ ಕ್ಯಾನ್ ತೊಳೆಯಲು ಯಾವ ನೀರು? ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಬೋರ್‌ವೆಲ್ಲು, ಕಾಲುವೆ, ಇಲ್ಲವೇ ಹೊಳೆ. ಮಳೆಗಾಲದಲ್ಲಿ ಘಟಪ್ರಭೆ, ಹಿರಣ್ಯಕೇಶಿ ಕೆಂಪಾಗಿ ಹರಿಯುವಾಗ ಆ ನೀರು ಹೇಗಿರುತ್ತದೆಂದು ನಿಮಗೆ ನಾನು ಹೇಳಬೇಕಿಲ್ಲ.

"ಡೇರಿಯಲ್ಲಿ ಹೇಗಿದ್ದರೂ ಹಾಲು ಕಾಯಿಸುತ್ತಾರಲ್ಲ" ಎನ್ನುವವರಿದ್ದಾರೆ. ನೀರಿನಿಂದ ಬರುವ ಸ್ಯೂಡೋಮೊನಾಸ್ ಎಂಬ ಸೂಕ್ಷ್ಮಾಣು ಬಿಎಂಸಿಯ 4 ಡಿಗ್ರಿ ತಂಪಿನಲ್ಲೂ ಬೆಳೆಯುತ್ತದೆ. ಪಾಶ್ಚರೀಕರಣದಲ್ಲಿ ಅದು ಸಾಯುತ್ತದೆ, ನಿಜ. ಆದರೆ ಅದು ಬಿಟ್ಟುಹೋದ ಕಿಣ್ವ ಉಳಿದು, ಕೊಬ್ಬು, ಪ್ರೋಟೀನು ಒಡೆದು ಹಾಲನ್ನು ಕಹಿ ಮಾಡಬಲ್ಲದು. ಒಬ್ಬರ ಕ್ಯಾನು ಸರಿಯಿಲ್ಲದಿದ್ದರೆ ಬಿಎಂಸಿಯಲ್ಲಿ ಬೆರೆತ ಎಲ್ಲರ ಹಾಲೂ ಕೆಡುತ್ತದೆ.

ಇದಕ್ಕೆ ಯುವಿ ದೀಪದ ಯಂತ್ರ ಹಾಕಿಸೋಣವೇ ಎಂದು ಕೆಲವರು ಕೇಳುತ್ತಾರೆ. ನನ್ನ ಅಭಿಪ್ರಾಯ, ಹಾಕಿಸಿ. ಆದರೆ ಮನೆಗೊಂದು ಬೇಡ. ಬಿಎಂಸಿ ಇರುವ ಸಂಘದಲ್ಲಿ, ಕ್ಯಾನು, ಪೈಪುಗಳನ್ನು ಕೊನೆಗೆ ಜಾಲಿಸುವ ನೀರಿಗೆ ಒಂದು ಸಾಕು.

ಇದು ಹೊಸದೇನಲ್ಲ. 1910ರಲ್ಲೇ ಫ್ರಾನ್ಸಿನ ಮಾರ್ಸೇಲ್ಸ್ ನಗರದಲ್ಲಿ ಕುಡಿಯುವ ನೀರಿಗೆ ಬಳಸಿದ್ದರು. 1990ರ ದಶಕದಲ್ಲಿ ಮುಂಬೈ ಮೂಲದ ವಿಜ್ಞಾನಿ ಅಶೋಕ್ ಗಾಡ್ಗೀಳ್ ಹಳ್ಳಿಗಳಿಗೆಂದೇ ನಿಮಿಷಕ್ಕೆ 15 ಲೀಟರ್ ನೀರು ಶುದ್ಧ ಮಾಡುವ ಸರಳ ಯಂತ್ರ ರೂಪಿಸಿದರು. ಸುಮಾರು 254 ನ್ಯಾನೋಮೀಟರ್ ತರಂಗದ ಕಿರಣ ಸೂಕ್ಷ್ಮಾಣುವಿನ ಡಿಎನ್‌ಎ ಕೆಡಿಸುತ್ತದೆ. ಅದರ ಸಂತತಿ ಬೆಳೆಯದು. ವಾಸನೆ, ರುಚಿ ಏನೂ ಬದಲಾಗದು.

ಆದರೆ ಬೆಳಕು ಹೊಕ್ಕಷ್ಟೇ ಕೆಲಸ. ಕೆಸರಿನ ಕಣದ ಹಿಂದೆ ಕೂತ ಸೂಕ್ಷ್ಮಾಣುವಿಗೆ ಕಿರಣ ತಾಗುವುದೇ ಇಲ್ಲ. ಹೊಳೆ ನೀರಾದರೆ ಮೊದಲು ಆಲಂ ಹಾಕಿ ತಿಳಿಯಾಗಿಸಿ, ಸೋಸಿ, ಆಮೇಲೆ ದೀಪಕ್ಕೆ ಬಿಡಬೇಕು. ಬೋರಿನ ಗಡಸು ನೀರು ದೀಪದ ಸುತ್ತಲಿನ ಗಾಜಿನ ಕೊಳವೆಗೆ ಬಿಳಿ ಪದರ ಕಟ್ಟುತ್ತದೆ; ಅದನ್ನು ಆಗಾಗ ತೊಳೆಯಬೇಕು. ನೀರಿನ ಉಪ್ಪು, ನೈಟ್ರೇಟು ಮಾತ್ರ ಇದರಿಂದ ಹೋಗುವುದಿಲ್ಲ.

ನಮ್ಮ ಕಡೆ ಇನ್ನೊಂದು ತೊಡಕು, ಕರೆಂಟು. ದೀಪ ಆರಿದರೂ ಮೇಲಿನ ಟ್ಯಾಂಕಿನ ನೀರು ನಲ್ಲಿಯಲ್ಲಿ ಬರುತ್ತಲೇ ಇರುತ್ತದೆ, ಶುದ್ಧವಾಗದೆ. ಕರೆಂಟು ಹೋದೊಡನೆ ನೀರು ತಾನೇ ನಿಲ್ಲುವ ವಾಲ್ವು ಇಲ್ಲದ ಯಂತ್ರವನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಕೊಳ್ಳಬೇಡಿ.

ಕ್ಲೋರಿನ್ನಿನಂತೆ ಯುವಿಯ ಗುಣ ನೀರಿನಲ್ಲಿ ಉಳಿಯುವುದಿಲ್ಲ. ಶುದ್ಧವಾದ ನೀರನ್ನು ಪಾಚಿ ಕಟ್ಟಿದ ಸಿಂಟೆಕ್ಸಿಗೆ ತುಂಬಿದರೆ ಮತ್ತೆ ಮೊದಲಿನ ಕಥೆಯೇ. ಹಾಗಾಗಿ ಮನೆಯ ಟ್ಯಾಂಕಿಗೆ ಬ್ಲೀಚಿಂಗ್ ಪೌಡರೇ ವಾಸಿ. ತೊಳೆದ ಕ್ಯಾನನ್ನು ಬೋರಲು ಹಾಕಿ ಒಣಗಿಸಿ. ಇದಕ್ಕೆ ಖರ್ಚೂ ಇಲ್ಲ.

ಈ ದೀಪಕ್ಕೆ ಸುಮಾರು 9,000 ಗಂಟೆ ಆಯುಸ್ಸು, ಅಂದರೆ ಬಿಡದೆ ಉರಿದರೆ ಒಂದು ವರ್ಷ. ಆಮೇಲೂ ನೀಲಿಯಾಗಿ ಉರಿಯುತ್ತಿರುತ್ತದೆ, ಶಕ್ತಿ ಕುಂದಿರುತ್ತದೆ. ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ಯಂತ್ರದ ಮಾತು ಬಂದರೆ, ದೀಪ ಹಾಕಿದ ತಾರೀಖು ಯಾರು ಬರೆದಿಡುತ್ತಾರೆ, ಹೊಸ ದೀಪಕ್ಕೆ ಹಣ ಯಾವ ಖಾತೆಯಿಂದ ಎಂದು ಎದ್ದು ನಿಂತು ಕೇಳಿ.